ರಾಣಿಯ ಪಾತ್ರ ಕೇಳಿದ ರೊಟ್ಟಿಯವಳು

"ಅಮ್ಮಾ, ನಾಡಿದ್ದು ನಾಟಕ ಕಂಪನಿಯವರು ಪಾತ್ರಕ್ಕೆ ಆರಿಸುತ್ತಾರೆ. ಹನ್ನೆರಡು ಮಾತೂ ಬಾಯಿಪಾಠವಾಗಿವೆ. ಇನ್ನೇನು ತಯಾರಿ ಮಾಡಿಕೊಳ್ಳಲಿ?" ಎಂದು ಹಂಪಮ್ಮ ತನ್ನ ಗುರು ಸೂಗಮ್ಮನವರನ್ನು ಕೇಳಿದಳು.

ಕೇಳುವಾಗಲೂ ಅವಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಕಿರುಬೆರಳಿನಿಂದ ಶುರುವಾಗಿ ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಗೆಣ್ಣಿಗೊಂದು ಮಾತು. ಪಾತ್ರವನ್ನು ಅವಳು ಕಲಿತದ್ದೇ ಹಾಗೆ. ಹೋದ ವರ್ಷ ಅವಳನ್ನು ಆರಿಸಿರಲಿಲ್ಲ. ಈ ಸಲವೂ ಆಗದಿದ್ದರೆ ಮತ್ತೆ ನಾಟಕದ ಹೆಸರೆತ್ತಬಾರದು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು.

ಸೂಗಮ್ಮ ಮೂವತ್ತು ವರ್ಷ ರಂಗದ ಮೇಲೆ ನಿಂತವರು. ಎಲೆಗೆ ಸುಣ್ಣ ಹಚ್ಚುತ್ತ, "ಕೂಡು, ಒಂದು ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ರೊಟ್ಟಿ ಮಾರುವ ಹೆಂಗಸಿದ್ದಳು. ಅಂಗಡಿಗಳ ಬೋರ್ಡು ನೋಡಿ ನೋಡಿ ತಾನೇ ಓದು ಕಲಿತವಳು. ಯಾರ ಹಂಗೂ ಇಲ್ಲದವಳು. ಊರಿಗೆ ಬಂದ ನಾಟಕ ಕಂಪನಿಗೆ ರಾಣಿಯ ಪಾತ್ರಕ್ಕೆ ಒಬ್ಬಳು ಬೇಕಾಗಿದ್ದಳು. ಇವಳು ಹೋಗಿ ಕೇಳಿದಳು. ಕಂಪನಿಯ ಯಜಮಾನ ಒಂದು ಹಾಳೆ ಕೊಟ್ಟು, ತಿಂಗಳು ಬಿಟ್ಟು ಬಾ ಎಂದ.

ಆ ಕಂಪನಿಯಲ್ಲಿ ಪೂರ್ತಿ ನಾಟಕ ಯಾರ ಕೈಗೂ ಸಿಗುತ್ತಿರಲಿಲ್ಲ. ಅವರವರ ಮಾತನ್ನಷ್ಟೇ ಬರೆದು ಕೊಡುತ್ತಿದ್ದರು. ಪ್ರತಿ ಮಾತಿನ ಮೊದಲು, ಎದುರಿನವರ ಮಾತಿನ ಕೊನೆಯ ಎರಡು ಪದ ಇರುತ್ತಿದ್ದವು. ಆ ಎರಡು ಪದ ಕಿವಿಗೆ ಬಿದ್ದ ಕೂಡಲೇ ಬಾಯಿ ತೆರೆಯಬೇಕು.

ಹಂಪಮ್ಮ ಹೂಂಗುಟ್ಟಿದಳು. ನಾಲ್ಕನೆಯ ಮಾತು ಅವಳಿಗೆ ಯಾವಾಗಲೂ ಜಾರುತ್ತಿತ್ತು. ಅದು ಉಂಗುರ ಬೆರಳಿನ ಮೊದಲ ಗೆಣ್ಣು.

ರೊಟ್ಟಿಯವಳು ಹಿಟ್ಟು ನಾದುವಾಗ ರಾಣಿಯ ಮಾತು ಹೇಳಿದಳು, ತಟ್ಟುವಾಗ ಹೇಳಿದಳು, ಬೇಯಿಸುವಾಗ ಹೇಳಿದಳು. ನಾಲ್ಕು ರೊಟ್ಟಿ ಕೇಳಿದವರಿಗೆ ಎಂಟು ಕಟ್ಟಿಕೊಟ್ಟಳು. ಪಕ್ಕದ ಮನೆಯವಳು ಬಂದು, "ಅಕ್ಕಾ, ನನ್ನ ಗಂಡ ಮೂರು ದಿನದಿಂದ ಜ್ವರ ಹಿಡಿದು ಮಲಗಿದ್ದಾನೆ" ಎಂದಳು. "ಒಳ್ಳೆಯದಾಯಿತು ಬಿಡು" ಎಂದಳು ಇವಳು. "ನಿನ್ನ ರಾಣಿಗಿರಿಗೆ ಬೆಂಕಿ ಹಾಕ!" ಎಂದು ಅವಳು ಎದ್ದು ಹೋದಳು. ಅದೂ ಇವಳಿಗೆ ಕೇಳಿಸಲಿಲ್ಲ.

ತಿಂಗಳು ತುಂಬಿದ ದಿನ ಅವಳು ರಂಗದ ಮೇಲೆ ನಿಂತಳು. ಯಜಮಾನ ತಾನೇ ದೂತನಾಗಿ ಎದುರು ಬಂದ. ನಾಟಕದಲ್ಲಿ ದೂತನ ಮಾತು ಹೀಗಿತ್ತು: ಯುವರಾಜರು ಯುದ್ಧ ಗೆದ್ದು ಬಂದರು, ವಾದ್ಯದವರು ಬಾಗಿಲಲ್ಲಿ ನಿಂತಿದ್ದಾರೆ. ಇವಳ ಹಾಳೆಯಲ್ಲಿ ಇದ್ದದ್ದು 'ಬಾಗಿಲಲ್ಲಿ ನಿಂತಿದ್ದಾರೆ' ಎಂಬ ಎರಡೇ ಪದ. ಯಜಮಾನ ಬೇಕೆಂದೇ ಮಾತು ಬದಲಿಸಿದ. "ಮಹಾರಾಣಿ, ಯುವರಾಜರು ಯುದ್ಧದಲ್ಲಿ ಮಡಿದರು. ಶವ ಹೊತ್ತವರು ಬಾಗಿಲಲ್ಲಿ ನಿಂತಿದ್ದಾರೆ" ಎಂದ.

ರೊಟ್ಟಿಯವಳು ತಲೆಯೆತ್ತಿ, ಚಪ್ಪರ ನಡುಗುವ ದನಿಯಲ್ಲಿ, "ಆರತಿ ತನ್ನಿ! ಬೀದಿಗೆಲ್ಲ ಹೂ ಚೆಲ್ಲಿ! ಇಂದು ನನ್ನ ಹೊಟ್ಟೆ ತಣ್ಣಗಾಯಿತು!" ಎಂದಳು.

ಪೆಟ್ಟಿಗೆ ಮಾಸ್ತರ ಹಾರ್ಮೋನಿಯಂ ಮೇಲಿನ ಕೈ ತೆಗೆದ. ಯಜಮಾನ ಹಾಳೆಯನ್ನು ಹಿಂದಕ್ಕೆ ಕೇಳಿದ.

ಅವಳು ಕೊಡಲಿಲ್ಲ. "ಇದರಲ್ಲಿ ಬರೆದದ್ದನ್ನೇ ಹೇಳಿದ್ದೇನೆ. ಒಂದಕ್ಷರ ತಪ್ಪಿದ್ದರೆ ತೋರಿಸಿ, ನಾನೇ ಇಳಿದು ಹೋಗುತ್ತೇನೆ" ಎಂದಳು.

"ಒಂದಕ್ಷರವೂ ತಪ್ಪಿಲ್ಲವ್ವ. ಮಗ ಸತ್ತ ಎಂದರೂ ತಪ್ಪಲಿಲ್ಲವಲ್ಲ, ಅದನ್ನೇ ನೋಡುತ್ತಿದ್ದೇನೆ. ನಾಲಿಗೆ ಒಂದು ಸಲ ತಡವರಿಸಿದ್ದರೂ ಸಾಕಿತ್ತು, ನಿನ್ನನ್ನೇ ರಾಣಿ ಮಾಡುತ್ತಿದ್ದೆ" ಎಂದ ಯಜಮಾನ.

ಅವಳು ಹಾಳೆಯನ್ನು ಅಲ್ಲೇ ಇಟ್ಟು ಹೊರಟಳು. ದಾರಿಯುದ್ದಕ್ಕೂ ಯಜಮಾನನನ್ನು ಬೈದಳು. ತನ್ನ ಓಣಿಗೆ ಬಂದಾಗ ಪಕ್ಕದ ಮನೆಯವಳು ಕಟ್ಟೆಯ ಮೇಲೆ ಕೂತಿದ್ದಳು. ಅವಳನ್ನು ನೋಡಿದ ಮೇಲೆ ರೊಟ್ಟಿಯವಳು ಏನೋ ನೆನಪಾಗಿ ನಿಂತಳು. "ನಿನ್ನ ಗಂಡನಿಗೆ ಜ್ವರ ಎಂದಿದ್ದೆಯಲ್ಲ, ಈಗ ಹೇಗಿದ್ದಾನೆ?" ಎಂದು ಕೇಳಿದಳು.

"ಎದ್ದು ಕೆಲಸಕ್ಕೆ ಹೋಗಿ ಹದಿನೈದು ದಿನವಾಯಿತು, ಮಹಾರಾಣಿ" ಎಂದಳು ಅವಳು.

ಸೂಗಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಕತೆ ನಿಂತದ್ದು ಹಂಪಮ್ಮನಿಗೆ ತಿಳಿಯಿತು. "ಅರ್ಥವಾಯಿತಮ್ಮಾ" ಎಂದಳು ಕೂಡಲೇ.

ಸೂಗಮ್ಮ ಅವಳ ಮಡಿಲಲ್ಲಿದ್ದ ಬಲಗೈಯನ್ನು ನೋಡಿ ಕೇಳಿದರು: "ನಿನ್ನ ಹೆಬ್ಬೆರಳು ಈಗ ಎಷ್ಟನೆಯ ಮಾತಿನ ಮೇಲಿದೆ, ಮಗಳೇ?"

ಹಂಪಮ್ಮ ಕೈ ನೋಡಿಕೊಂಡಳು. ಹೆಬ್ಬೆರಳನ್ನು ಗೆಣ್ಣಿನ ಮೇಲಿಂದ ತೆಗೆದಳು.