ಹುತ್ತದ ಬಾಗಿಲಲ್ಲಿ ಮಲಗಿದ ಹೆಬ್ಬಾವು

ಕರಡಿಬಂಡೆ ಎಂಬ ಗುಡ್ಡದ ಬೆನ್ನಿಗೆ ಒಂದು ಕುರುಚಲು ಕಾಡಿದೆ. ಅಲ್ಲಿ ಹುಲಿ ಇಲ್ಲ, ಸಿಂಹವೂ ಇಲ್ಲ. ಆದ್ದರಿಂದ ಮಕ್ಕಳೇ, ಈ ಕತೆಯಲ್ಲಿ ರಾಜನನ್ನು ಹುಡುಕಬೇಡಿ. ಅಲ್ಲಿ ಇರುವವರೆಲ್ಲ ಸಾಮಾನ್ಯರು: ಮುಂಗುಸಿ, ಮುಳ್ಳುಹಂದಿ, ಉಡ, ಮೊಲ, ಬೇಕಾದಷ್ಟು ಇಲಿಗಳು, ಮತ್ತು ಭೋಗಯ್ಯ ಎಂಬ ಒಂದು ಹೆಬ್ಬಾವು.

ಭೋಗಯ್ಯನಿಗೆ ಬೇಟೆ ಎಂದರೆ ಬೇಸರ. ಬೇಟೆಗೆ ಪೊದೆಯಲ್ಲಿ ಅಲುಗಾಡದೆ ಬಿದ್ದಿರಬೇಕು. ಅಷ್ಟು ಹೊತ್ತು ಬಿದ್ದಿದ್ದರೂ ಇಲಿ ಬರಬಹುದು, ಬಾರದೆಯೂ ಇರಬಹುದು. ಇಲಿಗಳು ಒಂದೇ ಕಡೆ ಇದ್ದು, ತಾವೇ ಮರಿ ಹಾಕಿ ಹೆಚ್ಚಿಕೊಂಡು, ಹಸಿವಾದಾಗ ಕೈಗೆ ಸಿಗುವಂತಿದ್ದರೆ ಎಷ್ಟು ಸುಖ ಎಂದು ಅವನು ಯೋಚಿಸಿದ. ಅವನಿಗೆ ಕೈ ಇರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಕಾಡಂಚಿನ ಹೊಲವನ್ನು ಉಳುವಾಗ ಇಲಿಗಳ ಬಿಲಗಳೆಲ್ಲ ಬಾಯಿಬಿಟ್ಟವು. ನೆಲೆ ಕಳೆದುಕೊಂಡು ಅಲೆಯುತ್ತಿದ್ದ ಇಲಿಗಳನ್ನು ಭೋಗಯ್ಯ ತಾನೇ ಹೋಗಿ ಕಂಡ. ಬಂಡೆಯ ಮೇಲೆ ಗೆದ್ದಲು ಬಿಟ್ಟುಹೋದ ದೊಡ್ಡ ಹುತ್ತವಿದೆ, ಒಳಗೆ ಕೋಣೆಗಳಿವೆ, ಬಾಡಿಗೆ ಕೇಳುವುದಿಲ್ಲ, ಬಂದು ಇರಬಹುದು ಎಂದ. ಇದಕ್ಕೆ ಅವನು ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಇಲಿ ಸಾಕಣೆ. ಇಲಿಗಳಿಗೆ ಹೇಳಿದ ಹೆಸರು ಆಶ್ರಯ.

ಇಲಿಗಳು ಒಳಗೆ ಹೋದವು. ಹೋದ ಮೇಲೆ ಎರಡು ವಿಷಯ ತಿಳಿಯಿತು. ಹುತ್ತದ ಗೋಡೆ ಇಟ್ಟಿಗೆಯಷ್ಟು ಗಟ್ಟಿ, ಕೆಳಗೆ ಬಂಡೆ, ಕೊರೆದು ಹೊರಬರುವಂತಿರಲಿಲ್ಲ. ಇರುವುದು ಒಂದೇ ಬಾಗಿಲು. ಆ ಬಾಗಿಲಲ್ಲಿ ಭೋಗಯ್ಯ ಸುರುಳಿ ಸುತ್ತಿಕೊಂಡು ಮಲಗಿದ್ದ.

"ಹೆದರಬೇಡಿ," ಎಂದ. "ನಾನಿರುವವರೆಗೆ ಮುಂಗುಸಿ ಇತ್ತ ಸುಳಿಯುವುದಿಲ್ಲ."

ಅದು ನಿಜವೇ. ಮುಂಗುಸಿ ಸುಳಿಯಲಿಲ್ಲ.

ಸ್ವಲ್ಪ ದಿನಕ್ಕೆ ಹೆಣ್ಣಿಲಿಗಳು ಮರಿ ಹಾಕಿದವು. ಭೋಗಯ್ಯ ತಲೆ ತೂರಿಸಿ, ನಾಲಿಗೆ ಚಾಚಿ, ಒಂದೊಂದು ಮರಿಯನ್ನೂ ಮುಟ್ಟಿ ನೋಡಿ ಬಂದ. ಗುಲಾಬಿ ಬಣ್ಣದ, ಕಣ್ಣು ಬಿಡದ, ಹುಣಸೆ ಬೀಜದಷ್ಟು ಗಾತ್ರದ ಮರಿಗಳು. ಬೆಳೆಯಲಿ ಎಂದು ಬಿಟ್ಟ. ಮರುದಿನ ನೋಡಿದರೆ ಅರ್ಧ ಇರಲಿಲ್ಲ. ಅದರ ಮರುದಿನ ಒಂದೂ ಇರಲಿಲ್ಲ. ತಾಯಂದಿರು ಮೂಲೆಯಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದರು.

ಭೋಗಯ್ಯನಿಗೆ ಕೋಪ ಬಂದಿತು. ತನ್ನ ಊಟ ಹೋಯಿತೆಂದು ಅವನು ಹೇಳಲಿಲ್ಲ. ಧರ್ಮ ಹೋಯಿತು ಎಂದ. ಹೆತ್ತ ಕರುಳು ಎಂದರೇನು, ತಾಯ್ತನ ಎಂದರೇನು ಎಂದು ಮಧ್ಯಾಹ್ನದವರೆಗೆ ಉಪದೇಶ ಮಾಡಿದ. ಕೊನೆಗೆ ಎಲ್ಲರಿಗಿಂತ ಹಿರಿಯಳಾದ ಸಣ್ಣವ್ವ ಎಂಬ ಇಲಿಯನ್ನು ಮುಂದೆ ಕರೆದ.

"ನಿನ್ನ ಮರಿಗಳನ್ನೇ ತಿಂದೆಯಲ್ಲ, ಮನಸ್ಸಾದರೂ ಹೇಗೆ ಬಂತು?"

ಸಣ್ಣವ್ವ ನೆಲ ನೋಡಿಕೊಂಡು ಹೇಳಿದಳು: "ಗೊತ್ತಿಲ್ಲ, ಬುದ್ಧಿ. ನೆಕ್ಕಲು ಹೋದರೆ ಮರಿಯ ಮೈಯಲ್ಲಿ ಮರಿಯ ವಾಸನೆ ಇರಲಿಲ್ಲ. ಆಮೇಲೆ ಏನಾಯಿತೋ ನನಗೇ ತಿಳಿಯದು. ನೀವು ಸ್ವಲ್ಪ ಆಚೆ ಹೋಗಿದ್ದರೆ…"

"ನಾನು ಆಚೆ ಹೋದರೆ ನಿಮ್ಮನ್ನು ಕಾಯುವವರು ಯಾರು?" ಎಂದ ಭೋಗಯ್ಯ. ಮಾತು ಅಲ್ಲಿಗೆ ಮುಗಿಯಿತು. ಸಣ್ಣವ್ವ ಮೂಲೆಗೆ ಹೋಗಿ, ಮರಿಗಳಿಲ್ಲದ ಗುಂಡಿಯಲ್ಲಿ ಮುಖವಿಟ್ಟು ಮಲಗಿದಳು.

ಪಕ್ಕದ ಲಂಟಾನ ಪೊದೆಯಲ್ಲಿ ಕಾಳವ್ವ ಎಂಬ ಮುಳ್ಳುಹಂದಿ ಇದ್ದಳು. ಮೈತುಂಬ ಮುಳ್ಳಿದ್ದುದರಿಂದ ಅವಳು ಯಾರೊಂದಿಗೂ ಮಾತು ತೂಗಿ ಆಡುತ್ತಿರಲಿಲ್ಲ. ಭೋಗಯ್ಯ, ಹೊರಗೆ ಹೋಗುವಾಗಲೆಲ್ಲ ಮಾಡುವಂತೆ ಬಾಗಿಲಿಗೆ ಒಂದು ಕಲ್ಲು ಉರುಳಿಸಿಟ್ಟು, ಅವಳ ಬಳಿ ಹೋಗಿ ಇಲಿ ಜಾತಿಯೇ ಕೆಟ್ಟಿದೆ ಎಂದು ದೂರಿದ.

"ಹೊಲದಲ್ಲಿದ್ದಾಗ ಇದೇ ಇಲಿಗಳು ಮರಿ ಸಾಕಿ ಊರು ತುಂಬಿಸಿದ್ದವು," ಎಂದಳು ಕಾಳವ್ವ. "ಇಲ್ಲಿ ಏನೋ ಸರಿಯಿಲ್ಲ. ಹುಡುಕು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸು ಮಾರಾಯ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ನಿನ್ನ ತಲೆಗೆ ಹತ್ತುವುದಿಲ್ಲ."

ಭೋಗಯ್ಯನಿಗೆ ಸಲಹೆ ಹಿಡಿಸಿತು. ಅವನು ಆರಂಭಿಸಿದ.

ಮೊದಲು ಆಹಾರ. ತಾಯಂದಿರಿಗೆ ಹಸಿವಾಗಿರಬಹುದು ಎಂದು ಹೊಲದ ಅಂಚಿನಿಂದ ಕಡಲೆಕಾಯಿ ಗಿಡಗಳನ್ನು ಕಿತ್ತು ತಂದ. ಬಾಯಲ್ಲಿ ಸೊಪ್ಪು ಕಚ್ಚಿಕೊಂಡು ಬರುವ ಹೆಬ್ಬಾವನ್ನು ಕಂಡು ಮೊಲಗಳು ದಾರಿಯಲ್ಲೇ ಕುಸಿದು ನಕ್ಕವು. ಯಾವಾಗಿನಿಂದ ಸಸ್ಯಾಹಾರಿಯಾದೆ ಎಂದು ಉಡ ವಿಚಾರಿಸಿತು. ಇಲಿಗಳು ಹೊಟ್ಟೆತುಂಬ ಕಡಲೆಕಾಯಿ ತಿಂದವು, ಮರಿ ಹಾಕಿದವು, ಮರಿಗಳನ್ನೂ ತಿಂದವು.

ಬಾಯಾರಿಕೆ ಇರಬಹುದು ಎಂದು ಕಾಡುಸೌತೆಗಳನ್ನು ಮೂತಿಯಿಂದ ಉರುಳಿಸಿಕೊಂಡು ಬಂದ. ಗುಡ್ಡದ ಇಳಿಜಾರಿನಲ್ಲಿ ಅವು ಮೂರು ಸಲ ಕೆಳಗೆ ಉರುಳಿದವು. ನೀರಿನಂಶ ಒದಗಿತು, ಫಲ ಒದಗಲಿಲ್ಲ.

ಹಾಸಿಗೆ ಇಲ್ಲದೆ ತಾಯಿಗೆ ಮನಸ್ಸು ನಿಲ್ಲುವುದಿಲ್ಲ ಎಂದು ಕಾಳವ್ವ ಹೇಳಿದಳು. ಒಣಹುಲ್ಲನ್ನು ಮೈಗೆ ಸುತ್ತಿ ಎಳೆದು ತಂದ. ಇಲಿಗಳು ಅಚ್ಚುಕಟ್ಟಾಗಿ ಗೂಡು ಮಾಡಿದವು. ಆ ಅಚ್ಚುಕಟ್ಟಾದ ಗೂಡಿನಲ್ಲೇ ಊಟ ಮಾಡಿದವು.

ಒಳಗೆ ಕಿಕ್ಕಿರಿದು ತುಂಬಿರುವುದು ಕಾರಣವಿರಬಹುದು, ಗಂಡಿಲಿಗಳನ್ನು ಬೇರೆ ಕಡೆ ಕಳಿಸು ಎಂದಳು ಕಾಳವ್ವ. ಭೋಗಯ್ಯ ಒಬ್ಬನನ್ನು ಬಿಟ್ಟು ಉಳಿದವರನ್ನು ಕಳಿಸಿದ. ಎಲ್ಲಿಗೆ ಎಂದು ನೀವು ಕೇಳಬೇಡಿ. ಆ ವಾರ ಅವನು ತುಸು ದಪ್ಪಗೆ ಕಂಡ.

ಆದರೂ ಮರಿ ಉಳಿಯಲಿಲ್ಲ. ಅಷ್ಟರಲ್ಲಿ ಗಂಡಿಲಿಗಳ ಕೊಬ್ಬೂ ಕರಗಿತು. ಭೋಗಯ್ಯ ಮತ್ತೆ ಕಾಳವ್ವನ ಬಳಿ ಬಂದ. ಪಕ್ಕದ ಪೊದೆಗೆ ಹರಿದು ಬರುವುದಕ್ಕೇ ಹಸಿವಿನಿಂದ ಅವನಿಗೆ ಏದುಸಿರು.

"ಎಲ್ಲ ಬದಲಿಸಿದೆ, ಕಾಳವ್ವ."

"ಬದಲಾಗದೆ ಉಳಿದದ್ದು ಏನು?"

"ಗೋಡೆ."

"ಮತ್ತೆ?"

"ಬಂಡೆ."

"ಮತ್ತೆ?"

ಭೋಗಯ್ಯ ಹುತ್ತವನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿದ. "ಇನ್ನೇನೂ ಕಾಣುವುದಿಲ್ಲ."

"ಕಾಣುವುದಿಲ್ಲ, ನಿಜ," ಎಂದಳು ಕಾಳವ್ವ. "ಕಣ್ಣು ನಿನ್ನ ತಲೆಯಲ್ಲೇ ಇದೆಯಲ್ಲ. ಬಾಗಿಲಲ್ಲಿ ನೀನಿದ್ದೀಯ ಮಾರಾಯ. ಹಡೆಯುವಾಗ ನೀನು, ನೆಕ್ಕುವಾಗ ನೀನು, ಮರಿಯ ಮೈಮೇಲೆ ನಿನ್ನ ನಾಲಿಗೆ. ಯಾವ ತಾಯಿಗೆ ತಲೆ ನೆಟ್ಟಗಿರುತ್ತದೆ? ದೂರ ಹೋಗು. ಮರಿಗಳು ಕಣ್ಣು ಬಿಡುವವರೆಗೆ ಇತ್ತ ಮುಖ ಹಾಕಬೇಡ. ಕಣ್ಣು ಬಿಟ್ಟ ಮರಿಯನ್ನು ಯಾವ ತಾಯಿಯೂ ತಿನ್ನುವುದಿಲ್ಲ."

ಭೋಗಯ್ಯನಿಗೆ ಇದು ಅವಮಾನವೆನಿಸಿತು. ಜೊತೆಗೆ ಒಂದು ಲೆಕ್ಕವೂ ಕಾಡಿತು. ಬಾಗಿಲಲ್ಲಿದ್ದರೆ ಇಲಿಗಳು ಮರಿಗಳನ್ನು ತಿನ್ನುತ್ತವೆ. ಬಾಗಿಲು ಬಿಟ್ಟರೆ ಇಲಿಗಳೇ ಹೋಗುತ್ತವೆ. ಅಷ್ಟು ದಿನ ಕಲ್ಲು ಮುಚ್ಚಿಟ್ಟರೆ ಒಳಗೆ ಉಸಿರುಕಟ್ಟಿ ಸಾಯುತ್ತವೆ. ಇರಬೇಕು, ಆದರೆ ಇರಬಾರದು. ಇದಕ್ಕೊಂದು ಉಪಾಯ ಹಾವಿಗೆ ಮಾತ್ರ ಹೊಳೆಯಲು ಸಾಧ್ಯ.

ಅವನಿಗೆ ಪೊರೆ ಬಿಡುವ ಸಮಯ ಬಂದಿತ್ತು. ಬಂಡೆಗೆ ಮೂತಿ ಉಜ್ಜಿ, ಮೂತಿಯಿಂದ ಬಾಲದವರೆಗೆ ಇಡೀ ಪೊರೆಯನ್ನು ಹರಿಯದಂತೆ ಕಳಚಿದ. ಬಾಗಿಲಲ್ಲಿ ಒಣಎಲೆಗಳನ್ನು ರಾಶಿ ಮಾಡಿ, ಅದರ ಮೇಲೆ ಪೊರೆಯನ್ನು ಸುರುಳಿಯಾಗಿ ಹೊದಿಸಿ, ತಲೆಯ ಭಾಗವನ್ನು ಒಳಮುಖವಾಗಿ ಇಟ್ಟ. ದೂರ ನಿಂತು ನೋಡಿದ. ತನ್ನನ್ನು ಕಂಡು ತನಗೇ ಭಯವಾಯಿತು. ತೃಪ್ತಿಯಿಂದ ಗುಡ್ಡದಾಚೆಯ ಹಳ್ಳಕ್ಕೆ ಹೋಗಿ ಮಲಗಿದ.

ಹುತ್ತದೊಳಗೆ ಸಣ್ಣವ್ವನಿಗೆ ದಿನ ತುಂಬಿತ್ತು. ಹೋದ ಮರಿಗಳನ್ನು ನೆನೆದು ಅವಳು ಎರಡು ದಿನದಿಂದ ಕಡಲೆಕಾಯಿ ಮುಟ್ಟಿರಲಿಲ್ಲ. ಈ ಸಲವೂ ಹಾಗೆಯೇ ಆದರೆ ತಾನು ಬದುಕಿ ಏನು ಫಲ ಎಂದು ಪಕ್ಕದ ಇಲಿಯೊಂದಿಗೆ ಹೇಳಿಕೊಂಡಿದ್ದಳು. ಅವಳ ಕಣ್ಣು ಬಾಗಿಲ ಮೇಲೆಯೇ ಇತ್ತು. ನೋಡುತ್ತಾ ನೋಡುತ್ತಾ ಅವಳಿಗೆ ಒಂದು ಸಂಶಯ ಬಂದಿತು. ಭೋಗಯ್ಯ ಮಲಗಿದ್ದರೆ ಅವನ ಪಕ್ಕೆ ಏರಿಳಿಯಬೇಕು. ಇದು ಏರುತ್ತಿಲ್ಲ, ಇಳಿಯುತ್ತಲೂ ಇಲ್ಲ.

ಉಳಿದವರು ಬೇಡವೆಂದರೂ ಅವಳು ಹತ್ತಿರ ಹೋದಳು. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಕಣ್ಣು ಮುಚ್ಚಿ ಸುರುಳಿಯ ಅಂಚನ್ನು ಕಚ್ಚಿದಳು. ಪರಪರ ಎಂದಿತು. ಬಾಯಲ್ಲಿ ಒಣ ತೊಗಲಿನ ಒಂದು ಚೂರು ಉಳಿಯಿತು.

"ಇವನು ಇಲ್ಲಿಲ್ಲ," ಎಂದಳು. "ಬರೀ ಹೊದಿಕೆ ಇಟ್ಟು ಹೋಗಿದ್ದಾನೆ."

ಓಡೋಣ ಎಂದವು ಇಲಿಗಳು. ಸಣ್ಣವ್ವ ಹೊರಗೆ ಮೂತಿ ಹಾಕಿ ನೋಡಿದಳು. ಬಯಲು, ಬಿಸಿಲು, ಮೇಲೆ ಹದ್ದು. ಹೆಚ್ಚಿನವರಿಗೆ ಇವತ್ತೋ ನಾಳೆಯೋ ಹೆರಿಗೆ. ಒಳಗಾದರೆ ಕಡಲೆಕಾಯಿ ಇದೆ, ಸೌತೆ ಇದೆ, ಹುಲ್ಲಿದೆ. ಬಾಗಿಲಲ್ಲಿ ಹಾವಿನ ವಾಸನೆ ಇದೆ, ಹಾವಿಲ್ಲ. ಈ ಕಾಡಿನಲ್ಲಿ ಇದಕ್ಕಿಂತ ಒಳ್ಳೆಯ ಹೆರಿಗೆ ಮನೆ ಸಿಗುವುದಿಲ್ಲ ಎಂದು ಅವಳು ತೀರ್ಮಾನಿಸಿದಳು. ಮರಿಗಳು ಕಣ್ಣು ಬಿಟ್ಟ ದಿನವೇ ಹೊರಡುವುದು, ಅದಕ್ಕಿಂತ ಒಂದು ಗಳಿಗೆಯೂ ಹೆಚ್ಚು ನಿಲ್ಲಬಾರದು ಎಂದಳು.

ಪೊರೆಯ ಬಾಲದ ಕಡೆಯಿಂದ ಬೇಕಾದಷ್ಟು ಹರಿದು ತಂದು ಹುಲ್ಲಿನೊಂದಿಗೆ ಹಾಸಿದರು. ಹೆದರಿಕೆ ಹೋದ ಮೇಲೆ ಅದು ಮೆತ್ತಗೆ, ಬೆಚ್ಚಗೆ ಇತ್ತು.

ಸಣ್ಣವ್ವ ಆ ರಾತ್ರಿ ಹೆತ್ತಳು. ಬೆಳಗಾದ ಮೇಲೆ ಮರಿಗಳನ್ನು ಒಂದೊಂದಾಗಿ ಮೂಸಿದಳು. ಹಾಸಿಗೆಯ ವಾಸನೆಯ ನಡುವೆಯೂ ಮರಿಯ ವಾಸನೆ ಇತ್ತು. ಅವಳು ನೆಕ್ಕಿದಳು, ನೆಕ್ಕುತ್ತಲೇ ಇದ್ದಳು. ಒಂದೂ ಕಡಿಮೆಯಾಗಲಿಲ್ಲ. ಉಳಿದ ತಾಯಂದಿರ ಮರಿಗಳೂ ಉಳಿದವು.

ಮರಿಗಳಿಗೆ ಕೂದಲು ಬಂದ ಹೊತ್ತಿಗೆ ಒಂದು ಘಟನೆ ನಡೆಯಿತು. ತುಂಟ ಮರಿಯೊಂದು ಪೊರೆಯ ಕೆಳಗೆ ನುಸುಳಿ ಹೊರಗೆ ತೆವಳಿತು. ಹೊರಗೆ ಮುಂಗುಸಿ ಇತ್ತು. ಅದು ಮರಿಯನ್ನು ಮೂಸಿತು, ಬೆಚ್ಚಿ ಹಿಂದೆ ಸರಿಯಿತು, ಮತ್ತೆ ಮೂಸಿತು. ಕಣ್ಣಿಗೆ ಇಲಿ, ಮೂಗಿಗೆ ಹೆಬ್ಬಾವು. ಇಂಥ ಪ್ರಾಣಿಯ ಬಗ್ಗೆ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ತಲೆ ಕೊಡವಿಕೊಂಡು ಬೇರೆ ಕಡೆ ಹೋಯಿತು.

ಬಾಗಿಲ ಸಂದಿನಿಂದ ಇದನ್ನೆಲ್ಲ ನೋಡಿದ ಸಣ್ಣವ್ವ ಮರಿಯ ಕಿವಿ ಹಿಡಿದು ಒಳಗೆಳೆದುಕೊಂಡಳು. ಆಮೇಲೆ ಪೊರೆಯ ಚೂರನ್ನು ಚೆನ್ನಾಗಿ ಅಗಿದು, ಆ ಎಂಜಲಿನಿಂದ ಮರಿಗಳ ಮೈ ನೆಕ್ಕಿದಳು, ತನ್ನ ಮೈಯನ್ನೂ ನೆಕ್ಕಿಕೊಂಡಳು. ಎಲ್ಲ ತಾಯಂದಿರಿಗೂ ಹಾಗೆಯೇ ಮಾಡಲು ಹೇಳಿದಳು. ಈಗ ಹಾವಿನ ವಾಸನೆ ಬಂದರೂ ಯಾರಿಗೂ ತಲೆ ಕೆಡಲಿಲ್ಲ. ಅದು ಎಲ್ಲಿಂದ ಬಂದದ್ದೆಂದು ಗೊತ್ತಿತ್ತಲ್ಲ.

ಮರಿಗಳು ಕಣ್ಣು ಬಿಟ್ಟವು. ಅವತ್ತೇ ಇಲಿಗಳು ಹೊರಟವು: ಮುಂದೆ ಸಣ್ಣವ್ವ, ಹಿಂದೆ ತಾಯಂದಿರು ಮತ್ತು ಮರಿಗಳ ಸಾಲು, ಕೊನೆಯಲ್ಲಿ ಉಳಿದಿದ್ದ ಆ ಒಬ್ಬ ಗಂಡಿಲಿ. ಎತ್ತರದ ಹುಲ್ಲಿನೊಳಗೆ ಕಾಲುದಾರಿ ಹಿಡಿದರು.

ಅದೇ ದಾರಿಯಲ್ಲಿ ಎದುರಿನಿಂದ ಭೋಗಯ್ಯ ಬರುತ್ತಿದ್ದ. ಅವನೂ ದಿನ ಎಣಿಸಿಕೊಂಡೇ ಇದ್ದ.

ಹುಲ್ಲು ದಟ್ಟವಾಗಿತ್ತು, ಯಾರಿಗೂ ಯಾರೂ ಕಾಣಲಿಲ್ಲ. ಸಣ್ಣವ್ವನ ಮೂತಿಯ ಮುಂದೆಯೇ ಕವಲು ನಾಲಿಗೆಯೊಂದು ಹುಲ್ಲಿನಿಂದ ಹೊರಬಂದು ಗಾಳಿಯನ್ನು ಸವರಿತು. ಅವಳು ನಿಂತಳು. ಸಾಲು ನಿಂತಿತು. ಓಡಿದರೆ ಕಾಲಿನ ಸದ್ದಿಗೇ ಅವನು ಎರಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ನಾಲಿಗೆ ಒಳಗೆ ಹೋಯಿತು. ಹಾವುಗಳಿಗೆ ಕಣ್ಣು, ಕಿವಿಗಿಂತ ನಾಲಿಗೆಯ ಮೇಲೆ ನಂಬಿಕೆ ಹೆಚ್ಚು. ನಾಲಿಗೆ ಹೆಬ್ಬಾವು ಎಂದಿತು. ಒಂದಲ್ಲ, ಬಹಳ.

"ಯಾರು, ನಮ್ಮವರಾ?" ಎಂದ ಭೋಗಯ್ಯ.

ಸಣ್ಣವ್ವ ದನಿಯನ್ನು ಆದಷ್ಟು ದಪ್ಪ ಮಾಡಿ, "ನಿಮ್ಮವರೇ," ಎಂದಳು.

"ಎಲ್ಲಿಗೆ, ಇಷ್ಟು ಮಕ್ಕಳನ್ನು ಕಟ್ಟಿಕೊಂಡು?"

"ತವರಿಗೆ."

ಭೋಗಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಹೋಗಿ ಬಾ, ತಾಯಿ. ಮಕ್ಕಳು ಜೋಪಾನ. ಈ ಕಡೆಯ ಇಲಿಗಳ ಸಹವಾಸ ಮಾಡಿಸಬೇಡ. ನೀತಿಗೆಟ್ಟವು. ಹೆತ್ತ ಮರಿಗಳನ್ನೇ ತಿನ್ನುತ್ತವೆ."

"ಆಗಲಿ, ಬುದ್ಧಿ," ಎಂದಳು ಸಣ್ಣವ್ವ. ಸಾಲು ಅವನ ಮಗ್ಗುಲಿನಿಂದ ಹಾದುಹೋಯಿತು. ತುಂಟ ಮರಿಯ ಬಾಯನ್ನು ಹಿಂದಿನ ತಾಯಿ ಭದ್ರವಾಗಿ ಹಿಡಿದಿದ್ದಳು.

ಭೋಗಯ್ಯ ಹುತ್ತ ತಲುಪಿದ. ಬಾಗಿಲಲ್ಲಿ ತನ್ನ ತಲೆ ಮಾತ್ರ ಇತ್ತು. ಒಳಗೆ ಹೊಕ್ಕು ಕೋಣೆ ಕೋಣೆಯನ್ನೂ ಜಾಲಾಡಿದ. ಕಡಲೆಕಾಯಿ ಸಿಪ್ಪೆ ಇತ್ತು, ಸೌತೆ ಬೀಜ ಇತ್ತು, ಮೆತ್ತನೆಯ ಗೂಡುಗಳಿದ್ದವು. ತಿಂದ ಮರಿಯ ಗುರುತು ಒಂದೂ ಇರಲಿಲ್ಲ.

ಕಾಳವ್ವ ಪೊದೆಯಿಂದ ಇಣುಕಿ, ಏನಾಯಿತು ಎಂದು ಕೇಳಿದಳು.

"ನಿನ್ನ ಮಾತು ನಿಜವಾಯಿತು," ಎಂದ ಭೋಗಯ್ಯ ನಿಧಾನವಾಗಿ. "ಈ ಸಲ ಒಂದು ಮರಿಯನ್ನೂ ತಿಂದಿಲ್ಲ."

"ಮತ್ತೆ ಊಟ?"

"ಅದೊಂದು ಕೈಗೂಡಲಿಲ್ಲ. ಯಾವಾಗ ಹೋದವೋ ತಿಳಿಯದು. ದಾರಿಯಲ್ಲಂತೂ ಒಂದು ಇಲಿಯೂ ಸಿಗಲಿಲ್ಲ. ನಮ್ಮವರದೇ ಒಂದು ಸಂಸಾರ ಎದುರಾಯಿತು, ಅಷ್ಟೇ. ಒಳ್ಳೆಯ ಹೆಣ್ಣುಮಗಳು. ಮಕ್ಕಳೂ ಶಿಸ್ತಿನವು. ಒಂದೊಂದಾಗಿ ಟಪಟಪ ಹೆಜ್ಜೆ ಹಾಕಿಕೊಂಡು ಹೋದವು."

ಕಾಳವ್ವ ಏನೋ ಅಗಿಯುತ್ತಿದ್ದವಳು ನಿಲ್ಲಿಸಿದಳು. "ಹೆಬ್ಬಾವಿನ ಮಕ್ಕಳು. ಹೆಜ್ಜೆ ಹಾಕಿಕೊಂಡು."

ಭೋಗಯ್ಯ ತಾನು ಬಂದ ದಾರಿಯ ಕಡೆಗೊಮ್ಮೆ ತಿರುಗಿ ನೋಡಿದ. ಆಮೇಲೆ ಬೇಟೆಯಾಡಲು ಪೊದೆಯ ಕಡೆಗೆ ಹರಿದುಹೋದ.

ನೀತಿ: ಮನೆಯೊಳಗಿನವರ ಬುದ್ಧಿ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ಬಾಗಿಲಲ್ಲಿ ಮಲಗಿರುವುದು ನಾವೇ ಅಲ್ಲವಷ್ಟೇ ಎಂದು ನೋಡಿಕೊಳ್ಳಬೇಕು.