ಉಡಿಯೊಳಗಿನ ಕಲ್ಲು

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠ ಎಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಹಿಂದೊಂದು ಕೋಣೆ, ನೀರಿಗಿಳಿಯಲು ಸವೆದ ಮೆಟ್ಟಿಲು. ಅಲ್ಲಿ ಮುದುಕಿ ಸನ್ಯಾಸಿನಿ ಒಬ್ಬರಿದ್ದರು. ಹೆಸರು ಏನೋ ಇತ್ತು, ಊರವರು ಮರೆತುಬಿಟ್ಟಿದ್ದರು. ಎಲ್ಲರಿಗೂ ಅವರು ಅವ್ವಾರು.

ದಾಕ್ಷಾಯಣಿ ಅವರ ಶಿಷ್ಯೆ. ಲಂಗ ಉಡುವ ವಯಸ್ಸಿನಿಂದ ಬಂದು ಅವರ ಮುಂದೆ ಕೂತವಳು. ಮದುವೆಯೂ ಅದೇ ಊರಿಗೇ ಆಯಿತು, ಹೀಗಾಗಿ ಬರುವುದು ತಪ್ಪಲಿಲ್ಲ.

ಆ ದಿನ ಬಂದವಳು ನಮಸ್ಕಾರ ಮಾಡುವುದನ್ನೂ ಮರೆತು ಕಂಬಕ್ಕೆ ಒರಗಿ ಕೂತಳು. ಅವ್ವಾರು ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದರು.

“ಮೊನ್ನಿ ಸ್ಕ್ಯಾನಿಂಗ್ ಮಾಡಿಸಿಕೊಂಡ ಬಂದೆ ರೀ.”

“ಏನಂದ್ರು?”

“ಹೊಟ್ಟಿಯಾಗ ಚೀಲ ಕಾಣಸ್ತದಂತ. ಕೂಸಿನ ಎದಿ ಬಡಿತ ಕಾಣವಲ್ದಂತ. ಭಾಳ ಸಣ್ಣದೈತಿ, ಅದಕ್ಕ ಕಾಣಲಿಕ್ಕಿಲ್ಲ, ಇಲ್ಲಾ ಬೆಳಿಯೋದೇ ನಿಂತಿರಬಹುದು ಅಂದ್ರು ಡಾಕ್ಟರ್ ಬಾಯಾರು. ಹದಿನೈದ ದಿನ ಬಿಟ್ಟ ಬಾ, ಮತ್ತೊಮ್ಮೆ ನೋಡೂಣು ಅಂದಾರ.”

ಹದಿನೈದು ದಿನ. ಹೇಳುವವರಿಗೇನು, ಬಾಯಿಮಾತು. ಹೊಟ್ಟೆಯೊಳಗಿನದು ಇದೆಯೋ ಇಲ್ಲವೋ ತಿಳಿಯದೆ ಹದಿನೈದು ಸಲ ಬೆಳಗು ಮಾಡುವುದೆಂದರೆ ಏನು ಎನ್ನುವುದು ಮಾಡಿದವಳಿಗೇ ಗೊತ್ತು.

“ಅವ್ವಾರ, ಇದು ಉಳೀತದೋ ಇಲ್ಲೋ? ಒಂದ ಮಾತ ಹೇಳ್ರಿ.”

“ನನಗ ಗೊತ್ತಿಲ್ಲವಾ.”

ದಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾಲಿಗೆ ಬಿದ್ದದ್ದು ಈ ಮಾತು ಕೇಳುವುದಕ್ಕೇ? ಒಳ್ಳೆಯದಾಗುತ್ತದೆ ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

“ಊರ ಮಂದಿಗೆಲ್ಲಾ ಗೊತ್ತೈತಿ, ನಿಮಗ ಗೊತ್ತಿಲ್ಲೇನ್ರಿ?”

“ಹೌದಾ! ಏನ ಗೊತ್ತೈತಿ ಅವರಿಗೆ?”

“ನಾ ಏನ ತಪ್ಪ ಮಾಡೀನಿ ಅಂತ ಗೊತ್ತೈತಿ.”

ಅವ್ವಾರು ಬಟ್ಟೆ ಕೆಳಗಿಟ್ಟರು. ಅವಳ ಮುಖ ನೋಡಿದರು.

“ಇಲ್ಲಿ ಬಾ. ಉಡಿ ಒಡ್ಡು,” ಎಂದರು.

ಬಸುರಿಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಹರಸುವುದು ಆ ಕಡೆಯ ಪದ್ಧತಿ. ಉಡಿ ತುಂಬುವುದು ಎನ್ನುತ್ತಾರೆ. ಮುತ್ತೈದೆಯರು ತುಂಬಬೇಕು. ಅವ್ವಾರು ಸನ್ಯಾಸಿನಿ, ಇದುವರೆಗೆ ಒಬ್ಬರ ಉಡಿಯನ್ನೂ ತುಂಬಿದವರಲ್ಲ. ಅಂಥವರು ತಾವಾಗಿ ಕರೆದಿದ್ದಾರೆ! ದಾಕ್ಷಾಯಣಿಯ ಸಿಟ್ಟು ಎಲ್ಲಿ ಹೋಯಿತೋ. ಓಡಿ ಬಂದು ಮೊಣಕಾಲೂರಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡಳು.

“ಈಗ ಹೇಳು. ಯಾರು ಏನಂದ್ರು?”

“ಹೊಲಿಗಿ ಅಂಗಡಿಗೆ ಅರಿವಿ ತರಾಕ ಪ್ಯಾಟಿಗೆ ಹೋಗಿದ್ದೆ ರೀ. ರಸ್ತೆ ಕೆಟ್ಟಿತ್ತು. ಬಸ್ಸಿನಾಗ ಕುಲುಕಾಡಿ ಹಿಂಗಾತು ಅಂತಾರ ನಮ್ಮತ್ತಿ.”

ಉಡಿಯಲ್ಲಿ ಏನೋ ದೊಪ್ಪನೆ ಬಿತ್ತು. ತಣ್ಣಗಿತ್ತು. ಕಣ್ಣು ತೆರೆದು ನೋಡಿದರೆ ಹೊಳೆಯ ಕಲ್ಲು.

“ಅವ್ವಾರ! ಉಡಿಯಾಗ ಎಲ್ಲಾರೂ ಅಕ್ಕಿ ಹಾಕತಾರ್ರಿ.”

“ನಿನ್ನ ಉಡಿಯಾಗ ಮಂದಿ ಇದನ್ನ ಹಾಕ್ಯಾರ. ನಾ ಬರೇ ತೋರಸಾಕತ್ತೀನಿ. ಮುಂದ ಹೇಳು.”

ಅವಳಿಗೆ ಅಳು ನುಗ್ಗಿ ಬಂತು. ಆದರೆ ಹೇಳಿದಳು. ಹೇಳದೆ ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಾಳು?

“ಗೊತ್ತಾಗೋಕಿಂತ ಮೊದಲ ಪಪ್ಪಾಯಿ ತಿಂದಿದ್ದೆ. ಬಾಜೂ ಮನಿ ಬಾಳವ್ವ ನೋಡಿದ್ಲು. ಅದಕ್ಕ ಅಂತಾಳ ಆಕಿ.”

ಇನ್ನೊಂದು ಕಲ್ಲು.

“ಗ್ರಹಣದ ದಿನ ಮಷಿನ್ ತುಳಿದು ಹೊಲಿಗಿ ಹೊಲಿದೆ ಅಂತಾಳ ನಮ್ಮ ನೆಗೆಣ್ಣಿ, ಮೈದುನನ ಹೇಂತಿ.”

ಮತ್ತೊಂದು.

“ಫೋನ್ ಮಾಡಿದ್ಲು ನಮ್ಮ ಚಿಗವ್ವ. ಚಿಂತಿ ಮಾಡಬ್ಯಾಡ, ತಾಯಿ ಚಿಂತಿ ಮಾಡಿದ್ರ ಅದ ಕೂಸಿಗೆ ಹತ್ತತದ ಅಂದ್ಲು.”

“ಮಾಡೀಯೇನು ಚಿಂತಿ?”

“ಇನ್ನೇನ್ ಮಾಡೀನ್ರಿ? ಅದನ್ನ ಮಾಡೀನಿ. ಚಿಂತಿ ಮಾಡಬಾರದಲ್ಲ ಅಂತ ಅದಕ್ಕೊಂದ ಚಿಂತಿ ಮಾಡೀನಿ.”

“ಹಂಗಾದ್ರ ಇವೂ ಇರಲಿ,” ಎಂದು ಅವ್ವಾರು ಎರಡು ಕಲ್ಲು ಹಾಕಿದರು.

ಸೆರಗು ಜಗ್ಗಿ ನೆಲಕ್ಕೆ ತಾಗಿತು. ಹೆಗಲ ಮೇಲಿನ ಪಿನ್ನು ಕಿತ್ತುಬರುವಂತಾಯಿತು.

“ಮುಗೀತೇನು?”

“ಮುಗೀತ್ರಿ.”

“ಮಂದೀದು ಮುಗೀತು. ನಿಂದು?”

ಅವ್ವಾರು ಅವಸರ ಮಾಡಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತರು.

“ಹೊಲಿಗಿ ಅಂಗಡಿ ಈಗರ ಶುರು ಮಾಡಿದ್ದೆ ರೀ,” ಎಂದಳು ಕೊನೆಗೆ. “ಬಸುರಿ ಅಂತ ಗೊತ್ತಾದ ದಿನ... ಅಯ್ಯ, ಇನ್ನೊಂದ ವರ್ಷ ಬಿಟ್ಟ ಬಂದಿದ್ರ ಛಲೋ ಇತ್ತು ಅಂದಕೊಂಡೆ. ಬಾಯಿಲೆ ಅನ್ನಲಿಲ್ರಿ. ಮನಸಿನಾಗ. ಒಂದ ಗಳಿಗಿ. ಕೂಸಿಗೆ ಕೇಳಸಿರಬೇಕು. ಬ್ಯಾಡಾದಲ್ಲಿ ಯಾಕ ಇರಲಿ ಅಂತ ಹೊಂಟಿರಬೇಕು.”

“ಅದಕ್ಕ ತಕ್ಕ ಕಲ್ಲು ನೀನ ಆರಿಸಿಕೋ,” ಎಂದರು ಅವ್ವಾರು.

ಅವಳು ಎಡಗೈಯಲ್ಲಿ ಸೆರಗು ಹಿಡಿದೇ ನೀರಿನಂಚಿಗೆ ಹೋದಳು. ಅಲ್ಲಿದ್ದ ಎಲ್ಲದರಲ್ಲಿ ದೊಡ್ಡದನ್ನು, ತೆಂಗಿನಕಾಯಿಯಷ್ಟು ದೊಡ್ಡದನ್ನು ಎತ್ತಿ ಉಡಿಗೆ ಹಾಕಿಕೊಂಡಳು. ಯಾರೂ ಹೇಳಿರಲಿಲ್ಲ ದೊಡ್ಡದೇ ಆಗಬೇಕೆಂದು.

“ಈಗ ಮನಿಗೆ ಹೋಗು. ಹದಿನೈದ ದಿನ ಹಿಂಗ ಹೊತಗೊಂಡ ತಿರಗಾಡು.”

“ಏನ್ ಹೇಳತೀರ್ರಿ ಅವ್ವಾರ! ಬಸುರಿ ಹೆಂಗಸು ಇಷ್ಟ ಭಾರ ಹೊರಬಾರದಲ್ರಿ!”

“ಹೊರಬಾರದೇನು? ಹಂಗಾದ್ರ ಇಷ್ಟು ದಿನ ಯಾಕ ಹೊತ್ತಿ? ಇಳಿಸು.”

ದಾಕ್ಷಾಯಣಿ ಸೆರಗು ಬಿಟ್ಟಳು. ಕಲ್ಲುಗಳು ದಡದಡ ಉರುಳಿ ಮೆಟ್ಟಿಲಿಳಿದು ನೀರಿಗೆ ಹೋದವು. ಹೆಗಲು ಹಗುರಾಯಿತು. ಅಬ್ಬಾ ಎಂದು ಉಸಿರುಬಿಟ್ಟಳು.

ದೊಡ್ಡದು ಮಾತ್ರ ಹೋಗಲಿಲ್ಲ. ಅದನ್ನು ಅವಳ ಕೈ ಹಿಡಿದುಕೊಂಡಿತ್ತು. ಅವ್ವಾರು ನೋಡಿದರು. ಅವಳು ಮೆಲ್ಲನೆ ಅದನ್ನು ತಾನು ತಂದಿದ್ದ ಕೈಚೀಲದಲ್ಲಿ ಇಟ್ಟುಕೊಂಡಳು.

“ಹದಿನೈದ ದಿನ ಏನ್ ಮಾಡ್ಲಿ ರೀ ಹಂಗಾದ್ರ?”

“ಹೆದರು.”

“ಹೆದರಬ್ಯಾಡ ಅಂತಾರ್ರಿ ಎಲ್ಲಾರೂ.”

“ಅವರದೇನ ಹೋಗತದ? ನೀ ಹೆದರು. ಹೆದರಿಕೋತ ರೊಟ್ಟಿ ಬಡಿ. ಹೆದರಿಕೋತ ಹೊಲಿ. ಹೆದರಿಕೋತ ಉಣ್ಣು. ಹೆದರಿಕಿ ಹೋದಮ್ಯಾಲೆ ಉಂಡೇನು ಅಂತ ಮಾತ್ರ ಕುಂಡರಬ್ಯಾಡ.”

ದಾಕ್ಷಾಯಣಿ ಹಾಗೇ ಮಾಡಿದಳು. ಹೆದರುತ್ತಲೇ ರೊಟ್ಟಿ ಬಡಿದಳು. ಹೆದರುತ್ತಲೇ ಬಾಳವ್ವನ ಮಗಳ ಕುಪ್ಪಸಕ್ಕೆ ತೋಳು ಹಚ್ಚಿದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಯಿತು. ಬಿಚ್ಚಿ ಮತ್ತೆ ಹಚ್ಚಿದಳು. ಸಂಜೆಗೆ ಹೆದರಿಕೆ ಇದ್ದಲ್ಲೇ ಇತ್ತು, ಆದರೆ ಕುಪ್ಪಸ ಮುಗಿದಿತ್ತು. ಹೀಗೆ ಒಂದೊಂದೇ ದಿನ ಹೋಯಿತು. ಕಲ್ಲು ಹೊಲಿಗೆ ಮಷಿನ್ನಿನ ಕೆಳಗೆ, ಚಿಂದಿಬಟ್ಟೆಯ ಗಂಟಿನಲ್ಲಿ ಕೂತಿತ್ತು. ಪಾದ ಆಡಿಸುವಾಗ ಬೆರಳಿಗೆ ತಾಗುತ್ತಿತ್ತು.

ಎರಡನೆಯ ಸ್ಕ್ಯಾನಿಂಗಿಗೆ ಗಂಡ ಮಹಾಂತೇಶನೂ ಜೊತೆಗೆ ಹೋದ.

ಡಾಕ್ಟರ್ ಬಾಯಾರು ತುಂಬಾ ಹೊತ್ತು ನೋಡಿದರು. ಆಮೇಲೆ ಮಾನಿಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ದಾಕ್ಷಾಯಣಿಗೆ ಅಷ್ಟರಲ್ಲೇ ತಿಳಿಯಿತು.

“ಬೆಳೆದಿಲ್ಲಮ್ಮಾ. ಬಡಿತ ಇಲ್ಲ. ನೀನು ಮಾಡಿದ್ದರಿಂದ ಆದದ್ದಲ್ಲ ಇದು. ಶುರುವಿನಲ್ಲಿ ಹೀಗೆ ತುಂಬಾ ಜನಕ್ಕೆ ಆಗುತ್ತೆ,” ಎಂದರು. ಒಳ್ಳೆಯ ಹೆಂಗಸು, ಅವಳ ಕೈ ಹಿಡಿದುಕೊಂಡೇ ಹೇಳಿದರು. ಆದರೆ ಹೊರಗೆ ಸಾಲು ದೊಡ್ಡದಿತ್ತು.

ಬಸ್ಸಿನಲ್ಲಿ ಮಹಾಂತೇಶ ಕಿಟಕಿಯ ಕಡೆ ಮುಖ ಮಾಡಿ ಕೂತ. ನೀರಿನ ಬಾಟಲಿ ಕೊಟ್ಟ, ತೆಗೆದುಕೊಂಡ, ಮತ್ತೆ ಕೊಟ್ಟ. ಅವನಿಗೂ ಅಳು ಬಂದಿತ್ತು ಪಾಪ. ಅವನಿಗೆ ಅಳುವುದನ್ನು ಯಾರೂ ಕಲಿಸಿರಲಿಲ್ಲ.

ಬಾಗಿಲಲ್ಲೇ ಅತ್ತೆ ಶಂಕರವ್ವ ನಿಂತಿದ್ದಳು. ಇಬ್ಬರ ಮುಖ ನೋಡಿದಳು. ಕೂಡು ಎನ್ನಲಿಲ್ಲ, ನೀರು ಕೊಡಲಿಲ್ಲ.

“ಬಡಕೊಂಡೆ ನಾ, ಬಸ್ ಹತ್ತಬ್ಯಾಡ ಅಂತ,” ಎಂದು ಒಳಗೆ ಹೋದಳು.

ಮೈ ಸುಧಾರಿಸಿದ ಮೇಲೆ ದಾಕ್ಷಾಯಣಿ ಮಠಕ್ಕೆ ಹೊರಟಳು. ಚೀಲದಲ್ಲಿ ಆ ಕಲ್ಲು. ಶಂಕರವ್ವನೂ ಹಿಂದೆಯೇ ಹೊರಟಳು, ಸೊಸೆಗೆ ನಾಲ್ಕು ಬುದ್ಧಿಮಾತು ಹೇಳಿಸೋಣ ಎಂದು.

ಕೂತದ್ದೇ ತಡ, ಶಂಕರವ್ವ ಶುರು ಮಾಡಿದಳು. “ನೀವರ ಹೇಳ್ರಿ ಅವ್ವಾರ, ಇಕಿಗೆ. ಮನಿಯಾಗ ಹಿರೇರ ಮಾತು ಕೇಳಿದ್ದರ ಇವತ್ತ ಹಿಂಗ ಬರೇ ಕೈಲೆ ಕುಂಡರತಿದ್ದಿಲ್ಲ.”

“ಬಸ್ಸಿನಿಂದ ಹೋತು ಅಂತ ನಿನಗ ಹೆಂಗ ಗೊತ್ತು ಶಂಕರವ್ವಾ?”

“ನನಗ ಗೊತ್ತಿಲ್ಲೇನ್ರಿ?”

“ಅದನ್ನ ಕೇಳಾಕತ್ತೀನಿ. ಹೆಂಗ ಗೊತ್ತು?”

ಶಂಕರವ್ವ ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಮಾಂತೇಶ ಹುಟ್ಟೋಕಿಂತ ಮೊದಲ ಒಂದ ಹೋಗಿತ್ರಿ,” ಎಂದಳು.

ದಾಕ್ಷಾಯಣಿ ತಿರುಗಿ ನೋಡಿದಳು. ಇಷ್ಟು ದಿನ ಒಂದೇ ಒಲೆಯ ಮುಂದೆ ಕೂತವರು, ಒಂದು ಮಾತು ಆಡಿರಲಿಲ್ಲ ಈ ಹೆಂಗಸು. ಮಗನಿಗೂ ಹೇಳಿರಲಿಲ್ಲ.

“ನಮ್ಮಣ್ಣನ ಮದುವಿ ಇತ್ತು. ನಮ್ಮತ್ತಿ ಬ್ಯಾಡ ಅಂದ್ರು. ಆಸೆ ತಡೀಲಿಲ್ಲ, ಎತ್ತಿನ ಚಕ್ಕಡಿ ಹತ್ತಿ ತವರಿಗೆ ಹೋದೆ. ತಿರುಗಿ ಬಂದ ಮ್ಯಾಲೆ ಹೋತ್ರಿ. ಚಕ್ಕಡಿ ಹತ್ತಿ ಕೂಸನ್ನ ತಿಂದಕಿ ಅಂದ್ರು ನಮ್ಮತ್ತಿ. ಸಾಯೋತನಾ ಅಂದ್ರು.”

“ನೀ ನಂಬಿದಿ.”

“ನಂಬದ ಏನ್ ಮಾಡ್ಲಿ ರೀ? ಮುಂದ ಮಾಂತೇಶ ಹೊಟ್ಟಿಯಾಗಿದ್ದಾಗ ನಮ್ಮವ್ವ ಸತ್ಲು. ಕರಿಯಾಕ ಚಕ್ಕಡಿ ಬಂದು ಬಾಗಲದಾಗ ನಿಂತಿತ್ತು. ನಾ ಹತ್ತಲಿಲ್ಲ.”

“ಆವಾಗ ಚಕ್ಕಡಿ. ಈಗ ಬಸ್ಸು,” ಎಂದರು ಅವ್ವಾರು.

ಶಂಕರವ್ವ ಅವರನ್ನೇ ನೋಡಿದಳು. ಮಾತು ತಿಳಿಯಲು ಒಂದು ಗಳಿಗೆ ಬೇಕಾಯಿತು.

“ಹಂಗಾದ್ರ... ನಂದ ತಪ್ಪ ಇದ್ದಿಲ್ಲೇನ್ರಿ?”

“ಇದ್ದಿಲ್ಲ.”

ಸಮಾಧಾನವಾಗಬೇಕಿತ್ತು. ಎಲ್ಲಿಯ ಸಮಾಧಾನ! ಶಂಕರವ್ವ ಎದೆ ಎದೆ ಬಡಿದುಕೊಂಡಳು.

“ಇದನ್ನ ಈಗ ಹೇಳತೀರೇನ್ರಿ? ನಮ್ಮವ್ವನ ಮಾರಿ ನೋಡಲಿಲ್ಲಲ್ರೀ ನಾ! ಚಕ್ಕಡಿ ಬಂದಿತ್ತಲ್ರೀ!”

ಅವ್ವಾರು ಒಳಗೆ ಹೋದರು. ತಂಬಿಗೆಯಲ್ಲಿ ನೀರು ತಂದು ಅವಳ ಮುಂದಿಟ್ಟರು.

ದಾಕ್ಷಾಯಣಿ ಎದ್ದಳು. ಚೀಲದಿಂದ ಕಲ್ಲು ತೆಗೆದು ಮೆಟ್ಟಿಲಿಳಿದಳು. ಅವ್ವಾರು ನೋಡುತ್ತಿದ್ದರು. ಅತ್ತೆಯೂ ಅಳು ನುಂಗಿಕೊಂಡು ನೋಡುತ್ತಿದ್ದಳು.

ಕಲ್ಲನ್ನು ಎರಡೂ ಕೈಯಲ್ಲಿ ನೀರಿನ ಮೇಲೆ ಹಿಡಿದಳು. ಬಿಡಬೇಕು, ಅಷ್ಟೇ. ಬೆರಳು ಬಿಚ್ಚಲಿಲ್ಲ.

“ಒಗಿ,” ಎಂದಳು ಶಂಕರವ್ವ. ಅವಳಿಗೆ ಅದೇನು ಕಲ್ಲೆಂದು ಗೊತ್ತಿರಲಿಲ್ಲ. ಆದರೂ ಎಂದಳು.

“ಆಗವಲ್ದು ಅತ್ತಿ.”

“ಯಾಕ?” ಎಂದು ಅವ್ವಾರು ಕೇಳಿದರು.

“ಡಾಕ್ಟರ್ ಬಾಯಾರು ನಿಂದ ತಪ್ಪಲ್ಲ ಅಂದ್ರು. ನೀವೂ ಹಂಗ ಅಂತೀರಿ. ಹಂಗಾದ್ರ ಯಾಕ ಹೋತ್ರಿ ನನ್ನ ಕೂಸು?”

“ಗೊತ್ತಿಲ್ಲವಾ.”

“ನೋಡ್ರಿ, ಮತ್ತ ಗೊತ್ತಿಲ್ಲ! ಇದೊಂದ ಐತ್ರಿ ನನ್ನ ಹತ್ರ. ಬ್ಯಾಡ ಅಂದಕೊಂಡೆ, ಅದಕ್ಕ ಹೋತು. ಇದನ್ನೂ ನೀರಿಗೆ ಹಾಕಿದ್ರ ಅದು ಸುಮ್ಮ ಹೋದಂಗಾತಲ್ರೀ. ಏನೂ ಕಾರಣ ಇಲ್ಲದ, ಸುಮ್ಮ ಹೋದಂಗ.”

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ದಾಕ್ಷಾಯಣಿ ಮೆಟ್ಟಿಲು ಹತ್ತಿ ಬಂದಳು. ಕಲ್ಲನ್ನು ಸೆರಗಿನಿಂದ ಒರೆಸಿದಳು. ಮತ್ತೆ ಚೀಲದೊಳಗೆ ಇಟ್ಟುಕೊಂಡು, ಅವ್ವಾರ ಕಾಲಿಗೆ ಬಿದ್ದು, ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

ಇಬ್ಬರೂ ಬಾಗಿಲ ತನಕ ಹೋದಾಗ ಹಿಂದಿನಿಂದ ಅವ್ವಾರ ದನಿ ಕೇಳಿತು.

“ಜ್ವಾಕಿಲೆ ಇಡು ತಂಗಿ. ಮುಂದ ನಿನ್ನ ಸೊಸಿಗೆ ಕೊಡಾಕ ಬೇಕಾಗತದ.”