ಬಾಯಿ ಮುಚ್ಚದ ಸೆರಗು

ದೇವೀರಮ್ಮನ ಹಳೇ ಸೀರೆಯ ಸೆರಗಿಗೆ ಒಂದೇ ಕೊರಗು, ನಗು ಕಂಡು ವರ್ಷವಾಗಿತ್ತು. ಪಕ್ಕದ ಮನೆ ಚೆಲುವಮ್ಮ ಗೋಡೆಯ ಮೇಲಿಂದ ಊರವರ ಗುಟ್ಟೆಲ್ಲ ಬಿಚ್ಚುತ್ತಿದ್ದ ಕಾಲದಲ್ಲಿ ಸೆರಗಿಗೆ ಪುರುಸೊತ್ತೇ ಇರಲಿಲ್ಲ. ದೇವೀರಮ್ಮ ಅದನ್ನು ಬಾಯಿಗೆ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಒಂದು ಹಿಡಿ ಕರಿಬೇವಿಗೆ ಇಬ್ಬರೂ ಜಗಳವಾಡಿ ಮಾತು ಬಿಟ್ಟರು ನೋಡಿ, ಆಮೇಲೆ ಸೆರಗಿಗೆ ಕೆಮ್ಮಿದ ಬಾಯಿ ಒರೆಸುವುದೇ ಕೆಲಸ.

"ಕೊರಗಬೇಡ ಸೆರಗೇ, ಅವಳ ಎದೆಬಿಗಿತಕ್ಕೆ ನಾನಿದ್ದೇನೆ," ಎಂದಿತು ಗೂಡಿನ ಔಷಧಿ ಸೀಸೆ.

"ನೀನು ಬಂದಮೇಲೆ ಅವಳು ಕಣ್ತುಂಬ ನಿದ್ದೆ ಮಾಡಿದ್ದುಂಟೇ? ಚೆಲುವಮ್ಮ ನಗಿಸಿದ ದಿನ ಗೊರಕೆ ಹೊಡೆಯುತ್ತಿದ್ದಳು."

"ಹಾಗಾದರೆ ಆ ಚೆಲುವಮ್ಮನನ್ನೇ ಕರೆದು ತಾ!" ಎಂದು ಸೀಸೆ ಕೊಂಕು ನುಡಿಯಿತು.

ಅಷ್ಟರಲ್ಲಿ ಮರುಮದುವೆಗೆ ಹೆಣ್ಣು ನೋಡಲು ಹೊರಟ ಮುದುಕ ಸಿದ್ದಲಿಂಗಪ್ಪ ಬೀದಿಯಲ್ಲಿ ಬಂದ. ಅರ್ಧ ಮೀಸೆ ಕಾಡಿಗೆಗಪ್ಪು, ಇನ್ನರ್ಧ ಹತ್ತಿಬಿಳುಪು! ಹಚ್ಚುತ್ತಿದ್ದ ಬಣ್ಣ ನಡುವೆಯೇ ಮುಗಿದಿರಬೇಕು. ಕಿಟಕಿಯಲ್ಲಿದ್ದ ದೇವೀರಮ್ಮನಿಗೆ ನಗು ಉಕ್ಕಿ ಬಂತು, ಕೈ ಸೆರಗನ್ನು ಎಳೆಯಿತು. ಆ ಬಾಯಿಗೆ ಹೋಗುವ ಆಸೆ ಸೆರಗಿಗೆ ಎಷ್ಟಿತ್ತೋ! ಆದರೆ ತಾನು ಮುಚ್ಚಿದರೆ ಗೋಡೆಯಾಚೆಗೆ ಕೇಳುವುದು ಹೇಗೆ? ಅದು ಕಿಟಕಿಯ ಮೊಳೆ ಕಚ್ಚಿಕೊಂಡು ಅಲ್ಲಾಡದೆ ನಿಂತಿತು. ನಗು ಗೋಡೆ ಹಾರಿತು.

ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಏನೇ ಅದು ದೇವೀರಿ? ನನಗೂ ಹೇಳೇ!"

ದೇವೀರಮ್ಮ ಕೆಮ್ಮುವುದನ್ನೂ ಮರೆತು ಗೋಡೆಯತ್ತ ಓಡಿದಳು. ಸೆರಗಿನ ಹರಿದ ಚೂರೊಂದು ಮೊಳೆಯಲ್ಲೇ ಉಳಿದು, ನಗು ಕೇಳಿದಾಗಲೆಲ್ಲ ಆ ಕಡೆಗೇ ಹಾರಾಡುತ್ತಿತ್ತು.